ಅಪರಾಧ ಕಾದಂಬರಿಗಳ ಚಿತ್ರರೂಪ: ಪ್ರೇಕ್ಷಕನ ಪಾಲು

ಕಾದಂಬರಿಯೊಂದು ಚಲಚ್ಚಿತ್ರವಾಗಿ ಮಾರ್ಪಟ್ಟಾಗ ವಿಮರ್ಶಕರು ಮೊದಲು ಎತ್ತುವ ಪ್ರಶ್ನೆ, ಚಿತ್ರವು ಮೂಲಕ್ಕೆ ನಿಷ್ಠವಾಗಿದೆಯೇ ಎಂಬುದು. ಪ್ರಶ್ನೆ ಸಹಜವಾದುದೇ, ಆದರೆ ಅದಕ್ಕೆ ಹೌದೆಂದೋ ಇಲ್ಲವೆಂದೋ ಉತ್ತರ ಹೇಳಿ ಮುಗಿಸಿದರೆ ನಮಗೆ ತಿಳಿದುಬರುವುದು ಅತ್ಯಲ್ಪ. ಹಸ್ತಪ್ರತಿಗಳನ್ನು ಪರಿಶೋಧಿಸುವ ವಿದ್ವಾಂಸನು ಎರಡು ಪ್ರತಿಗಳ ನಡುವೆ ಪಾಠಾಂತರವನ್ನು ಕಂಡಾಗ ಒಂದನ್ನು ತಪ್ಪೆಂದು ಹೊಡೆದುಹಾಕಿ ಸುಮ್ಮನಾಗುವುದಿಲ್ಲ. ಲಿಪಿಕಾರನು ಇದೇ ಸ್ಥಳದಲ್ಲಿ ಏಕೆ ತಿದ್ದಿದನು, ಅವನಿಗೆ ಅಡ್ಡಿಯಾಗಿ ತೋರಿದುದು ಯಾವುದು ಎಂದು ವಿಚಾರಿಸುತ್ತಾನೆ. ಇತಿಹಾಸದ ವಿದ್ಯಾರ್ಥಿಗೆ ತಿದ್ದಿದ ಪಾಠವೂ ಒಂದು ಆಕರವೇ. ಇಂಗ್ಲಿಷಿನ ಕೆಲವು ಅಪರಾಧ ಕಾದಂಬರಿಗಳು 1934ರಿಂದ 1968ರ ವರೆಗಿನ ಅವಧಿಯಲ್ಲಿ ಅಮೆರಿಕದ ಚಲಚ್ಚಿತ್ರಗಳಾದ ಬಗೆಯನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ಪತ್ತೇದಾರಿಯ ಮಾತು ವಿಶ್ವವಿದ್ಯಾನಿಲಯದ ಪತ್ರಿಕೆಗೆ ಒಪ್ಪುವುದೇ ಎಂದು ಶಂಕಿಸುವವರು ತಮ್ಮ ಕಾಲೇಜಿನ ಪುಸ್ತಕಭಂಡಾರಕ್ಕೆ ಹೋಗಿ, ಯಾವ ಪುಸ್ತಕಗಳ ರಟ್ಟು ಎಲ್ಲಕ್ಕಿಂತ ಹೆಚ್ಚು ಸವೆದಿದೆಯೆಂಬುದನ್ನು ಒಮ್ಮೆ ನೋಡಿ ಬರಬಹುದು.

ಈ ಅವಧಿಯನ್ನೇ ಆರಿಸಿಕೊಳ್ಳಲು ಕಾರಣವುಂಟು. ಚಲಚ್ಚಿತ್ರ ಪ್ರದರ್ಶನವು ಕೇವಲ ಒಂದು ವ್ಯಾಪಾರ, ವಾಕ್‌ಸ್ವಾತಂತ್ರ್ಯದ ರಕ್ಷಣೆ ಅದಕ್ಕೆ ಸಲ್ಲದು ಎಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1915ರಲ್ಲಿ ತೀರ್ಪಿತ್ತಿತು; 1952ರ ವರೆಗೆ ಆ ತೀರ್ಪೇ ನಿಂತಿತ್ತು. ಒಂದು ಕಡೆ ಹಲವು ರಾಜ್ಯಗಳ ಸೆನ್ಸಾರು ಮಂಡಲಿಗಳು, ಇನ್ನೊಂದು ಕಡೆ ಕ್ಯಾಥೊಲಿಕ್ ಸಂಘಟನೆಗಳ ಬಹಿಷ್ಕಾರದ ಭಯ. ಇವೆರಡರ ನಡುವೆ ಸಿಕ್ಕಿದ ನಿರ್ಮಾಪಕರು, ಹೊರಗಿನವರು ಕತ್ತರಿ ಹಿಡಿಯುವುದಕ್ಕಿಂತ ತಾವೇ ಹಿಡಿಯುವುದು ಲೇಸೆಂದು ಬಗೆದರು. ಪತ್ರಿಕಾ ಪ್ರಕಾಶಕ ಮಾರ್ಟಿನ್ ಕ್ವಿಗ್ಲಿ ಮತ್ತು ಜೆಸ್ಯೂಟ್ ಪಾದ್ರಿ ಡೇನಿಯಲ್ ಲಾರ್ಡ್ ಸಿದ್ಧಪಡಿಸಿದ ‘ನಿರ್ಮಾಣ ಸಂಹಿತೆ’ಯನ್ನು 1930ರಲ್ಲಿ ಅವರು ಅಂಗೀಕರಿಸಿದರು. ನಿರ್ಮಾಪಕರ ಸಂಘದ ಅಧ್ಯಕ್ಷನಾಗಿದ್ದ ವಿಲ್ ಹೇಸನ ಹೆಸರಿನಿಂದಲೇ ಅದು ಪ್ರಸಿದ್ಧವಾಯಿತು. ನಾಲ್ಕು ವರ್ಷಗಳ ಕಾಲ ಅದು ಬಹುಮಟ್ಟಿಗೆ ಕಾಗದದಲ್ಲಿಯೇ ಉಳಿದಿತ್ತು. 1934ರಲ್ಲಿ ಜೋಸೆಫ್ ಬ್ರೀನ್ ಎಂಬುವನ ಕೈಗೆ ಅದರ ಆಡಳಿತವನ್ನು ಒಪ್ಪಿಸಿದ ಮೇಲೆ, ಅವನ ಕಛೇರಿಯ ಮುದ್ರೆಯಿಲ್ಲದೆ ಚಿತ್ರ ಬಿಡುಗಡೆ ಮಾಡಿದ ಸದಸ್ಯರು 25,000 ಡಾಲರು ದಂಡ ತೆರಬೇಕಾಯಿತು. ಚಿತ್ರಕಥೆಯು ಮೊದಲು ಆ ಕಛೇರಿಗೆ ಹೋಗಬೇಕು, ಅಲ್ಲಿಂದ ಆಕ್ಷೇಪಣೆಗಳ ಪತ್ರ ಬರಬೇಕು, ತಿದ್ದುಪಡಿಯಾಗಬೇಕು. 1968ರಲ್ಲಿ ಚಿತ್ರಗಳನ್ನು ಪ್ರೇಕ್ಷಕರ ವಯಸ್ಸಿಗೆ ತಕ್ಕಂತೆ ವರ್ಗೀಕರಿಸುವ ಪದ್ಧತಿ ಬಂದು ಸಂಹಿತೆಯು ಕೊನೆಗೊಂಡಿತು.

ಈ ಸಂಹಿತೆಯ ಮೊದಲನೆಯ ಸಾಮಾನ್ಯ ತತ್ತ್ವವನ್ನು ಗಮನಿಸಬೇಕು. ಪ್ರೇಕ್ಷಕರ ಸಹಾನುಭೂತಿಯು ಎಂದಿಗೂ ಅಪರಾಧದ ಪಕ್ಷಕ್ಕೆ ವಾಲಬಾರದೆಂಬುದು ಅದರ ತಾತ್ಪರ್ಯ. ಎಂದರೆ, ಸಂಹಿತೆಯನ್ನು ಬರೆದವರು ಅಂಜಿದುದು ಪ್ರೇಕ್ಷಕನ ಮನಸ್ಸಿನಲ್ಲಿ ಏನು ನಡೆಯುವುದೆಂಬುದಕ್ಕೆ. ಆದರೆ ಕಛೇರಿಯ ಗುಮಾಸ್ತನು ಮನಸ್ಸನ್ನು ಅಳೆಯಬಲ್ಲನೇ? ಅವನು ಬರೆದ ಕಾಗದವನ್ನು ಓದಬಲ್ಲನು. ಯಾರು ಯಾರನ್ನು ಕೊಂದರು, ಕೊಂದವನಿಗೆ ಕೊನೆಯಲ್ಲಿ ದಂಡನೆಯಾಯಿತೇ ಎಂದು ಲೆಕ್ಕ ಹಾಕಬಲ್ಲನು. ತತ್ತ್ವವು ಸಹಾನುಭೂತಿಯನ್ನು ಕುರಿತದ್ದು, ಆಚರಣೆಯು ಕಥಾಂತ್ಯವನ್ನು ಕುರಿತದ್ದು. ಈ ಎರಡರ ನಡುವಣ ಬಿರುಕೇ ನಮ್ಮ ವಿಷಯ.

ಡಾಫ್ನೆ ದು ಮಾರಿಯೇ 1938ರಲ್ಲಿ ಪ್ರಕಟಿಸಿದ ‘ರೆಬೆಕಾ’ ಕಾದಂಬರಿಯನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ಹೆಸರಿಲ್ಲದ ಎಳೆಯ ಕಥಾನಾಯಿಕೆ ಮ್ಯಾಂಡರ್ಲಿ ಎಂಬ ದೊಡ್ಡ ಬಂಗಲೆಯ ಒಡೆಯ ಮ್ಯಾಕ್ಸಿಮ್‌ನ ಎರಡನೆಯ ಹೆಂಡತಿಯಾಗಿ ಬರುತ್ತಾಳೆ. ಸತ್ತ ಮೊದಲ ಹೆಂಡತಿ ರೆಬೆಕಾಳ ನೆರಳು ಎಲ್ಲೆಲ್ಲಿಯೂ ಇದೆ. ಗಂಡನು ಇನ್ನೂ ಅವಳನ್ನೇ ಪ್ರೀತಿಸುತ್ತಿದ್ದಾನೆಂಬ ಸಂಕಟದಲ್ಲಿ ಬೇಯುತ್ತಿರುವ ಈ ಹುಡುಗಿಗೆ ಒಂದು ದಿನ ಅವನೇ ಸತ್ಯವನ್ನು ಹೇಳುತ್ತಾನೆ: ರೆಬೆಕಾಳನ್ನು ತಾನು ದ್ವೇಷಿಸುತ್ತಿದ್ದೆ, ಕಡಲತಡಿಯ ಕುಟೀರದಲ್ಲಿ ಗುಂಡಿಕ್ಕಿ ಕೊಂದು ಶವವನ್ನು ದೋಣಿಯಲ್ಲಿಟ್ಟು ಮುಳುಗಿಸಿದೆ. ಕೊಲೆಯ ಈ ಒಪ್ಪಿಗೆಯನ್ನು ಕೇಳಿದ ಆಕೆಗೆ ಆಗುವುದು ಭಯವಲ್ಲ, ಜುಗುಪ್ಸೆಯೂ ಅಲ್ಲ. ಗಂಡನು ರೆಬೆಕಾಳನ್ನು ಪ್ರೀತಿಸಿರಲಿಲ್ಲವೆಂಬ ಬಿಡುಗಡೆಯ ಹಿಗ್ಗು. ಆ ಕ್ಷಣದಲ್ಲಿ ಅವಳು ಬಾಲ್ಯವನ್ನು ಕಳೆದುಕೊಂಡು ಕೊಲೆಗಾರನ ಸಹಚರಿಯಾಗುತ್ತಾಳೆ. ಓದುಗನಾದರೋ ಅವಳ ಹಿಂದೆಯೇ ನಡೆದುಬಿಡುತ್ತಾನೆ. ಮುಂದಿನ ನೂರಾರು ಪುಟಗಳಲ್ಲಿ ನ್ಯಾಯಾಧಿಕಾರಿಯು ಸತ್ಯದ ಹತ್ತಿರ ಹತ್ತಿರ ಬಂದಂತೆಲ್ಲ ನಮ್ಮ ಎದೆ ಬಡಿದುಕೊಳ್ಳುತ್ತದೆ. ಕಡೆಗೆ ಲಂಡನ್ನಿನ ವೈದ್ಯನೊಬ್ಬನು ರೆಬೆಕಾಳಿಗೆ ಮಾರಕವಾದ ವ್ಯಾಧಿಯಿತ್ತೆಂದು ತಿಳಿಸಿದಾಗ, ಅದು ಆತ್ಮಹತ್ಯೆಗೆ ತಕ್ಕ ಕಾರಣವನ್ನೊದಗಿಸಿ ಮ್ಯಾಕ್ಸಿಮ್‌ನನ್ನು ಉಳಿಸುತ್ತದೆ. ಹೆಂಗಸೊಬ್ಬಳಿಗೆ ವಾಸಿಯಾಗದ ರೋಗವಿತ್ತೆಂಬ ಸುದ್ದಿಯನ್ನು ಓದಿ ನಾವು ನೆಮ್ಮದಿಯ ಉಸಿರು ಬಿಡುತ್ತೇವೆ! ಪುಸ್ತಕವನ್ನು ಕೆಳಗಿಟ್ಟ ಮೇಲೆ ಇದನ್ನು ನೆನೆದು ನಾಚದಿರುವ ಓದುಗನು ವಿರಳ. ಕಾದಂಬರಿಯ ನಿಜವಾದ ಬಲವಿರುವುದು ಇಲ್ಲಿ. ಬಂಗಲೆಯ ಮಂಜಿನಲ್ಲಾಗಲಿ ಮನೆವಾರ್ತೆಯ ಮಿಸೆಸ್ ಡ್ಯಾನ್‌ವರ್ಸಳ ಕ್ರೌರ್ಯದಲ್ಲಾಗಲಿ ಅಲ್ಲ.

1940ರಲ್ಲಿ ಡೇವಿಡ್ ಸೆಲ್ಜ್ನಿಕ್ ನಿರ್ಮಿಸಿ ಆಲ್ಫ್ರೆಡ್ ಹಿಚ್‌ಕಾಕ್ ನಿರ್ದೇಶಿಸಿದ ಚಿತ್ರವು ಆ ವರ್ಷದ ಅತ್ಯುತ್ತಮ ಚಿತ್ರವೆಂಬ ಅಕಾಡೆಮಿ ಪ್ರಶಸ್ತಿಯನ್ನು ಪಡೆಯಿತು. ಸೆಲ್ಜ್ನಿಕ್ ಮೂಲನಿಷ್ಠೆಯ ವಿಷಯದಲ್ಲಿ ಬಲು ಕಟ್ಟುನಿಟ್ಟಿನವನು; ಹಿಚ್‌ಕಾಕ್ ಮೊದಲು ಬರೆಸಿದ ಕಥಾರೂಪವು ಕಾದಂಬರಿಯಿಂದ ದೂರ ಸರಿದಿದೆಯೆಂದು ಅದನ್ನು ತಿರಸ್ಕರಿಸಿದವನು. ಆದರೂ ಒಂದು ಸ್ಥಳದಲ್ಲಿ ಅವನೂ ಮಣಿಯಬೇಕಾಯಿತು. ಹೆಂಡತಿಯನ್ನು ಕೊಂದವನು ದಂಡನೆಯಿಲ್ಲದೆ ಪಾರಾಗುವುದು ಸಂಹಿತೆಗೆ ವಿರುದ್ಧವೆಂದು ಬ್ರೀನ್ ಆಕ್ಷೇಪಿಸಿದನು. ಚಿತ್ರದಲ್ಲಿ ರೆಬೆಕಾ ಎಡವಿ ಬಿದ್ದು, ತಲೆಗೆ ಪೆಟ್ಟು ಬಿದ್ದು ಸಾಯುತ್ತಾಳೆ. ಮ್ಯಾಕ್ಸಿಮ್ ಮಾಡಿದ ತಪ್ಪು ಶವವನ್ನು ಮರೆಮಾಡಿದ್ದಷ್ಟೇ.

ಪಿಸ್ತೂಲಿಗೆ ಬದಲು ಒಂದು ಎಡವು. ಕಥೆಯ ಉಳಿದ ಕೊಂಡಿಗಳೆಲ್ಲ ಹಾಗೆಯೇ ಇವೆ. ಆದರೆ ಅರ್ಥ ತಲೆಕೆಳಗಾಯಿತು. ಈಗ ಕಥಾನಾಯಿಕೆಯು ನಿರಪರಾಧಿಯಾದ ಗಂಡನನ್ನು ರಕ್ಷಿಸುವ ಪತಿವ್ರತೆ. ನಾವೂ ನಿರಪರಾಧಿಯ ಹಿತಚಿಂತಕರು. ವೈದ್ಯನ ಮಾತಿಗೆ ನಾವು ಪಡುವ ಸಂತೋಷಕ್ಕೆ ಕಳಂಕವಿಲ್ಲ. ಕಾದಂಬರಿಯ ಆರಂಭದಲ್ಲಿ ಈ ದಂಪತಿಗಳು ಪರದೇಶದ ಹೊಟೆಲುಗಳಲ್ಲಿ ದಿನ ತಳ್ಳುತ್ತಿರುತ್ತಾರೆ. ಹಳೆಯ ಇಂಗ್ಲಿಷ್ ಪತ್ರಿಕೆಗಳ ಕ್ರಿಕೆಟ್ ವರದಿಯನ್ನು ಹೆಂಡತಿ ಓದಿ ಹೇಳುವುದೇ ಅವರ ದೊಡ್ಡ ವಿನೋದ. ಅದು ನ್ಯಾಯಾಲಯ ವಿಧಿಸದ, ಬದುಕೇ ವಿಧಿಸಿದ ಶಿಕ್ಷೆ. ಚಿತ್ರದಲ್ಲಿ ಆ ಶಿಕ್ಷೆಗೂ ಎಡೆಯಿಲ್ಲ, ಏಕೆಂದರೆ ಅಪರಾಧವೇ ಇಲ್ಲ. ಹೀಗೆ ಕೊಲೆಗೆ ಶಿಕ್ಷೆಯಾಗಲೇಬೇಕೆಂದು ಹೊರಟ ಸಂಹಿತೆಯು, ಕೃತಿಯಲ್ಲಿ ಮೊದಲೇ ಇದ್ದ ಶಿಕ್ಷೆಯನ್ನು ಕಾಣದೆ ಅಳಿಸಿಹಾಕಿತು.

ಇದಕ್ಕಿಂತ ಹೀನವಾದ ಪಾಡು ಫ್ರಾನ್ಸಿಸ್ ಐಲ್ಸ್ ಎಂಬ ಕಾವ್ಯನಾಮದಲ್ಲಿ ಆಂಟನಿ ಬರ್ಕ್ಲಿ ಕಾಕ್ಸ್ 1932ರಲ್ಲಿ ಪ್ರಕಟಿಸಿದ ‘ಬಿಫೋರ್ ದಿ ಫ್ಯಾಕ್ಟ್’ ಕಾದಂಬರಿಗೆ ಒದಗಿತು. ಲೀನಾ ಎಂಬ ಸ್ತ್ರೀಯ ಗಂಡನು ಕೊಲೆಗಾರನೆಂಬುದು ಓದುಗನಿಗೆ ಆರಂಭದಲ್ಲಿಯೇ ತಿಳಿಯುತ್ತದೆ. ಯಾರು ಕೊಂದರೆಂಬ ಒಗಟು ಇಲ್ಲಿಲ್ಲ. ಕೊಲೆಯಾಗಲಿರುವವಳು ತನ್ನ ಕೊಲೆಗೆ ಹೇಗೆ ಒಪ್ಪಿಕೊಳ್ಳುತ್ತಾಳೆಂಬುದೇ ಕಥೆ. ಕೊನೆಯಲ್ಲಿ ಗಂಡನು ತಂದುಕೊಟ್ಟ ಪಾನೀಯದಲ್ಲಿ ವಿಷವಿದೆಯೆಂದು ತಿಳಿದೂ ಆಕೆ ಕುಡಿಯುತ್ತಾಳೆ. 1941ರಲ್ಲಿ ಹಿಚ್‌ಕಾಕ್ ಇದನ್ನು ‘ಸಸ್ಪಿಷನ್’ ಎಂಬ ಚಿತ್ರವಾಗಿಸಿದಾಗ ಗಂಡನ ಪಾತ್ರ ಜನಪ್ರಿಯ ನಟ ಕ್ಯಾರಿ ಗ್ರ್ಯಾಂಟನದು. ಚಿತ್ರದ ಮುಕ್ತಾಯದಲ್ಲಿ ಅವನು ಕೊಲೆಗಾರನೇ ಅಲ್ಲ. ಎಲ್ಲವೂ ಹೆಂಡತಿಯ ಭ್ರಮೆ. ಅವನು ಮಹಡಿಯ ಮೆಟ್ಟಿಲುಗಳನ್ನು ಹತ್ತಿ ಹಾಲಿನ ಲೋಟವನ್ನು ತರುವ ದೃಶ್ಯದಲ್ಲಿ, ಹಾಲು ಕತ್ತಲೆಯಲ್ಲಿ ಬೆಳಗಲೆಂದು ಲೋಟದೊಳಗೆ ದೀಪವನ್ನಿಟ್ಟಿದ್ದರಂತೆ. ಇಷ್ಟು ಬೆಳಗಿದ ಲೋಟದಲ್ಲಿ ಬರಿಯ ಹಾಲು! ಬೇರೆಯ ಮುಕ್ತಾಯವನ್ನು ತಾನು ಬಯಸಿದ್ದೆನೆಂದು ಹಿಚ್‌ಕಾಕ್ ಇಪ್ಪತ್ತು ವರ್ಷಗಳಿಗೂ ಮಿಕ್ಕಿದ ಕಾಲದ ಮೇಲೆ ಫ್ರೆಂಚ್ ನಿರ್ದೇಶಕ ಫ್ರಾಂಸ್ವಾ ತ್ರುಫೋನೊಡನೆ ನಡೆಸಿದ ಸಂಭಾಷಣೆಯಲ್ಲಿ ಹೇಳಿದ್ದಾನೆ: ಗಂಡನ ಅಪರಾಧವನ್ನು ಬಯಲುಮಾಡುವ ಕಾಗದವನ್ನು ಬರೆದಿಟ್ಟು ಹೆಂಡತಿ ವಿಷ ಕುಡಿಯಬೇಕು, ಅವಳನ್ನು ಕೊಂದ ಗಂಡನೇ ಏನೂ ಅರಿಯದೆ ಅದನ್ನು ಅಂಚೆಗೆ ಹಾಕಬೇಕು. ಕಲ್ಪನೆ ಸೊಗಸಾಗಿದೆ. ಆದರೆ ಘಟನೆಯಾಗಿ ಇಷ್ಟು ಕಾಲವಾದ ಮೇಲೆ ಸ್ವತಃ ಕರ್ತೃವೇ ಹೇಳಿದ ಮಾತನ್ನು ಸಮಕಾಲೀನ ದಾಖಲೆಯ ಬೆಂಬಲವಿಲ್ಲದೆ ಒಪ್ಪುವುದು ಇತಿಹಾಸಕಾರನ ಪದ್ಧತಿಯಲ್ಲ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಇಂತಹ ಮಾರ್ಪಾಡುಗಳನ್ನೆಲ್ಲ ಹೇಸ್ ಸಂಹಿತೆಯ ತಲೆಗೆ ಕಟ್ಟುವುದು ಸುಲಭ, ಆದರೆ ಸರಿಯಲ್ಲ. ಅಗಾಥಾ ಕ್ರಿಸ್ಟಿಯು 1939ರಲ್ಲಿ ಬರೆದ, ಹತ್ತು ಮಂದಿಯೂ ದ್ವೀಪವೊಂದರಲ್ಲಿ ಸಾಯುವ ಕಾದಂಬರಿಯನ್ನು 1943ರಲ್ಲಿ ತಾನೇ ನಾಟಕವಾಗಿಸಿದಾಗ ಇಬ್ಬರನ್ನು ಉಳಿಸಿ ಜೋಡಿ ಮಾಡಿದಳು. 1945ರಲ್ಲಿ ರೆನೆ ಕ್ಲೇರ್ ತೆಗೆದ ಚಿತ್ರವು ನಾಟಕದ ಮುಕ್ತಾಯವನ್ನೇ ಅನುಸರಿಸಿತು. ಯುದ್ಧಕಾಲದ ಲಂಡನ್ನಿನ ರಂಗಭೂಮಿಗೆ ಬ್ರೀನನ ಅಪ್ಪಣೆ ಬೇಕಿರಲಿಲ್ಲ. ಪೆಟ್ರೀಷಿಯಾ ಹೈಸ್ಮಿತ್ 1955ರಲ್ಲಿ ಬರೆದ ‘ದಿ ಟ್ಯಾಲೆಂಟೆಡ್ ಮಿಸ್ಟರ್ ರಿಪ್ಲಿ’ಯಲ್ಲಿ ಕೊಲೆಗಾರನು ಸುಖವಾಗಿ ಪಾರಾಗುತ್ತಾನೆ, 1960ರಲ್ಲಿ ಫ್ರಾನ್ಸಿನ ರೆನೆ ಕ್ಲೆಮಾಂ ಅದನ್ನು ಚಿತ್ರವಾಗಿಸಿದಾಗ, ಮಾರಾಟಕ್ಕೆಂದು ದಡಕ್ಕೆಳೆದ ಹಾಯಿದೋಣಿಯ ಹಗ್ಗಕ್ಕೆ ಸಿಕ್ಕಿದ ಶವ ಮೇಲೆ ಬಂದು ಅವನನ್ನು ಹಿಡಿದುಕೊಡುತ್ತದೆ. ಅಲ್ಲಿಯೂ ಅಮೆರಿಕದ ಸಂಹಿತೆಯ ಅಧಿಕಾರವಿರಲಿಲ್ಲ. ಒಂಟಿಯಾಗಿ ಓದುವವನಿಗೆ ಸಹ್ಯವಾದುದು ನೆರೆದ ಸಭೆಗೆ ಸಹ್ಯವಾಗದೆಂಬ ನಂಬಿಕೆ ಸಂಹಿತೆಗಿಂತ ಹಿಂದಿನದು, ಅದಕ್ಕಿಂತ ವಿಶಾಲವಾದುದು. ಸಂಹಿತೆಯು ಆ ನಂಬಿಕೆಗೆ ಕಛೇರಿಯನ್ನೂ ಮುದ್ರೆಯನ್ನೂ ಒದಗಿಸಿತು.

ಹೈಸ್ಮಿತ್‌ಳ ಮೊದಲ ಕಾದಂಬರಿ, 1950ರ ‘ಸ್ಟ್ರೇಂಜರ್ಸ್ ಆನ್ ಎ ಟ್ರೇನ್’, ನಮ್ಮ ವಾದಕ್ಕೆ ಎಲ್ಲಕ್ಕಿಂತ ಮುಖ್ಯವಾದುದು. ರೈಲಿನಲ್ಲಿ ಆಕಸ್ಮಿಕವಾಗಿ ಭೇಟಿಯಾದ ಬ್ರೂನೊ ಎಂಬುವನು ಗೈ ಎಂಬ ವಾಸ್ತುಶಿಲ್ಪಿಗೆ ಒಂದು ವಿನಿಮಯವನ್ನು ಸೂಚಿಸುತ್ತಾನೆ: ನಿನ್ನ ಹೆಂಡತಿಯನ್ನು ನಾನು ಕೊಲ್ಲುತ್ತೇನೆ, ನನ್ನ ತಂದೆಯನ್ನು ನೀನು ಕೊಲ್ಲು, ಕಾರಣವಿಲ್ಲದ ಕೊಲೆಗಳಾದ್ದರಿಂದ ಇಬ್ಬರೂ ಸಿಕ್ಕಿಬೀಳುವುದಿಲ್ಲ. ಗೈ ಒಪ್ಪುವುದಿಲ್ಲ. ಆದರೆ ಬ್ರೂನೊ ತನ್ನ ಪಾಲಿನ ಕೆಲಸವನ್ನು ಮುಗಿಸಿಯೇ ಬಿಡುತ್ತಾನೆ. ಆಮೇಲೆ ದಿನದಿನವೂ ಕಾಡಿ ಗೈಯನ್ನು ಅವನ ಪಾಲಿನ ಕೊಲೆಗೆ ತಳ್ಳುತ್ತಾನೆ. ಗೈ ನಡುರಾತ್ರಿಯಲ್ಲಿ ಆ ಮನೆಗೆ ಹೋಗಿ ಮುದುಕನನ್ನು ಗುಂಡಿಟ್ಟು ಕೊಲ್ಲುತ್ತಾನೆ. ಸಭ್ಯನೊಬ್ಬನು ಕೊಲೆಗಾರನಾಗುವ ಮೆಟ್ಟಿಲುಗಳನ್ನು ಲೇಖಕಿ ಒಂದನ್ನೂ ಬಿಡದೆ ತೋರಿಸುತ್ತಾಳೆ. ಹೆಂಡತಿಯ ಸಾವಿನಿಂದ ಗೈಗೆ ಒಳಗೊಳಗೇ ಲಾಭವಾಗಿದೆ. ಅವನು ಅದನ್ನು ಬಯಸಿರಲಿಲ್ಲವೆಂದು ಹೇಳುವಂತಿಲ್ಲ. ಆ ಬಯಕೆಯ ಋಣವನ್ನೇ ಬ್ರೂನೊ ವಸೂಲಿ ಮಾಡುತ್ತಿರುವುದು.

ಕನ್ನಡ ಸಾಹಿತ್ಯದ ವಿದ್ಯಾರ್ಥಿಗೆ ಇಲ್ಲಿ ಜನ್ನನ ‘ಯಶೋಧರ ಚರಿತೆ’ ನೆನಪಾಗದಿರದು. 1209ರಲ್ಲಿ ರಚಿತವಾದ ಆ ಕಾವ್ಯದಲ್ಲಿ ಯಶೋಧರನು ಬಲಿಕೊಟ್ಟದ್ದು ಹಿಟ್ಟಿನ ಕೋಳಿಯನ್ನು, ಜೀವಹಿಂಸೆಯೇನೂ ಆಗಲಿಲ್ಲ. ಆದರೂ ಸಂಕಲ್ಪ ಹಿಂಸೆಯ ಫಲವಾಗಿ ಅವನೂ ಅವನ ತಾಯಿಯೂ ಜನ್ಮಜನ್ಮಾಂತರಗಳಲ್ಲಿ ತೊಳಲುತ್ತಾರೆ. ಹೈಸ್ಮಿತ್‌ಗೂ ಜೈನ ಧರ್ಮಕ್ಕೂ ಯಾವ ಸಂಬಂಧವನ್ನೂ ನಾನು ಕಲ್ಪಿಸುತ್ತಿಲ್ಲ. ಕೃತ್ಯವನ್ನು ಅಳೆಯುವ ಧರ್ಮಶಾಸ್ತ್ರವೊಂದು, ಸಂಕಲ್ಪವನ್ನು ಅಳೆಯುವ ಧರ್ಮಶಾಸ್ತ್ರವೊಂದು. ಬ್ರೀನನ ಕಛೇರಿ ಮೊದಲನೆಯದಕ್ಕೆ ಸೇರಿದ್ದು, ಹೈಸ್ಮಿತ್‌ಳ ಕಾದಂಬರಿ ಎರಡನೆಯದಕ್ಕೆ, ಎಂಬುದಷ್ಟೇ ನನ್ನ ಅಭಿಪ್ರಾಯ.

1951ರಲ್ಲಿ ಹಿಚ್‌ಕಾಕ್ ಮಾಡಿದ ಚಿತ್ರದಲ್ಲಿ ಗೈ ಟೆನ್ನಿಸ್ ಆಟಗಾರ. ಅವನು ಯಾರನ್ನೂ ಕೊಲ್ಲುವುದಿಲ್ಲ. ರಾತ್ರಿ ಆ ಮನೆಗೆ ಹೋಗುವುದು ಮುದುಕನಿಗೆ ಎಚ್ಚರಿಕೆ ಹೇಳಲು. ಕಾಗದದ ಮೇಲೆ ನೋಡಿದರೆ ‘ರೆಬೆಕಾ’ದ ಗತಿಯೇ ಇದಕ್ಕೂ ಆಯಿತೆನ್ನಬೇಕು. ಆದರೆ ಚಿತ್ರವನ್ನು ನೋಡಿದವರ ಅನುಭವ ಬೇರೆ. ಚಿತ್ರದ ಕೊನೆಯ ಭಾಗದಲ್ಲಿ ಬ್ರೂನೊ ಗೈಯ ಸಿಗರೇಟ್ ಲೈಟರನ್ನು ಕೊಲೆಯಾದ ಸ್ಥಳದಲ್ಲಿ ಇಟ್ಟು ಅವನನ್ನು ಸಿಕ್ಕಿಸಲು ಹೊರಟಿದ್ದಾನೆ. ದಾರಿಯಲ್ಲಿ ಅದು ಕೈಜಾರಿ ಬೀದಿಯ ಚರಂಡಿಯ ಕಂಬಿಗಳ ನಡುವೆ ಬೀಳುತ್ತದೆ. ಅತ್ತ ಗೈ ಆಟವನ್ನು ಬೇಗ ಮುಗಿಸಲು ಹೆಣಗುತ್ತಿದ್ದಾನೆ. ಇತ್ತ ಬ್ರೂನೊ ಕಂಬಿಗಳೊಳಗೆ ತೋಳನ್ನು ತೂರಿಸಿ ಬೆರಳುಗಳನ್ನು ಚಾಚುತ್ತಿದ್ದಾನೆ. ಬೆರಳ ತುದಿ ಲೈಟರಿಗೆ ತಾಗುತ್ತದೆ. ಅದು ಇನ್ನೂ ಕೆಳಕ್ಕೆ ಜಾರುತ್ತದೆ. ಆ ಗಳಿಗೆಯಲ್ಲಿ ಪ್ರೇಕ್ಷಕನು ತನ್ನ ಮನಸ್ಸನ್ನು ಪರೀಕ್ಷಿಸಿಕೊಂಡರೆ ಆಶ್ಚರ್ಯಪಡುತ್ತಾನೆ: ಕೊಲೆಗಾರನಿಗೆ ಲೈಟರು ಸಿಗಲಿ ಎಂದು ಅವನು ಹಾರೈಸುತ್ತಿದ್ದಾನೆ! ಕಾದಂಬರಿಯ ಗೈ ಹೊತ್ತಿದ್ದ ಪಾಪದ ಪಾಲನ್ನು ಚಿತ್ರದ ಗೈಯಿಂದ ಇಳಿಸಿ, ನಿರ್ದೇಶಕನು ಅದನ್ನು ನಮ್ಮ ಹೆಗಲಿಗೆ ಏರಿಸಿದ್ದಾನೆ. ಚಿತ್ರಕಥೆಯನ್ನು ಓದಿದ ಅಧಿಕಾರಿಗೆ ಇಲ್ಲಿ ಆಕ್ಷೇಪಿಸಲು ಏನಿದೆ? ಒಬ್ಬನು ಚರಂಡಿಯಿಂದ ಲೈಟರನ್ನು ತೆಗೆಯುತ್ತಾನೆ, ಅಷ್ಟೇ.

ಈ ಉಪಾಯ ಹಿಚ್‌ಕಾಕನ ಸ್ವಂತ ಸೊತ್ತಲ್ಲ. ಜೇಮ್ಸ್ ಕೇನನ ‘ಡಬಲ್ ಇಂಡೆಮ್ನಿಟಿ’ 1935ರಲ್ಲಿ ಸ್ಟುಡಿಯೋಗಳ ಕೈಸೇರಿದಾಗ ಬ್ರೀನ್ ಅದನ್ನು ಚಿತ್ರಕ್ಕೆ ಅಯೋಗ್ಯವೆಂದಿದ್ದನು. 1927ರಲ್ಲಿ ನ್ಯೂಯಾರ್ಕಿನಲ್ಲಿ ರೂತ್ ಸ್ನೈಡರ್ ಎಂಬಾಕೆ ಪ್ರಿಯಕರನೊಡಗೂಡಿ ಗಂಡನನ್ನು ಕೊಂದ ಮೊಕದ್ದಮೆಯೇ ಆ ಕಥೆಗೆ ಪ್ರೇರಣೆ. 1944ರಲ್ಲಿ ಬಿಲ್ಲಿ ವೈಲ್ಡರ್ ಅದನ್ನು ಚಿತ್ರವಾಗಿಸಿದಾಗ ಅಪರಾಧಿಗಳಿಬ್ಬರಿಗೂ ತಕ್ಕ ಶಾಸ್ತಿಯಾಗುವಂತೆ ಕಥಾಂತ್ಯವನ್ನು ಕಟ್ಟಿದನು, ಸಂಹಿತೆಗೆ ತೃಪ್ತಿಯಾಯಿತು. ಆದರೆ ಶವವನ್ನು ರೈಲುಕಂಬಿಯ ಮೇಲೆ ಇಟ್ಟು ಬಂದ ಜೋಡಿ ಕಾರಿನಲ್ಲಿ ಕುಳಿತಾಗ ಎಂಜಿನ್ ಹೊರಡುವುದಿಲ್ಲ. ಒಂದು ಸಲ, ಎರಡು ಸಲ. ಚಿತ್ರಮಂದಿರದಲ್ಲಿ ಎಲ್ಲರೂ ಉಸಿರು ಬಿಗಿಹಿಡಿಯುತ್ತಾರೆ. ಹೊರಟಾಗ ನೆಮ್ಮದಿಯಾಗುತ್ತದೆ. ಯಾರಿಗೆ ನೆಮ್ಮದಿ, ಏತಕ್ಕೆ? ರಾಬರ್ಟ್ ಬ್ಲಾಕನ 1959ರ ಕಾದಂಬರಿಯನ್ನು ಆಧರಿಸಿ ಹಿಚ್‌ಕಾಕ್ 1960ರಲ್ಲಿ ತೆಗೆದ ‘ಸೈಕೊ’ದಲ್ಲಿ ಇದು ಪರಾಕಾಷ್ಠೆಗೆ ಮುಟ್ಟಿತು. ಬ್ಲಾಕನ ನಾರ್ಮನ್ ನಡುವಯಸ್ಸಿನ ಸ್ಥೂಲಕಾಯದವನು. ಚಿತ್ರದ ನಾರ್ಮನ್ ನಾಚಿಕೆಯ ಎಳೆಯ ಯುವಕ. ಕೊಲೆಯಾದ ಹೆಂಗಸಿನ ದೇಹವಿರುವ ಕಾರನ್ನು ಅವನು ಜೌಗಿನೊಳಕ್ಕೆ ತಳ್ಳುತ್ತಾನೆ. ಅದು ಮುಳುಗುತ್ತ ಮುಳುಗುತ್ತ ನಡುವೆ ನಿಂತುಬಿಡುತ್ತದೆ. ನಾರ್ಮನ್ ಸುತ್ತಲೂ ನೋಡುತ್ತಾನೆ. ನಾವು ಮುಳುಗಲಿ ಎನ್ನುತ್ತೇವೆ. ತಾಯಿಯನ್ನು ಕಾಪಾಡಲು ಹೀಗೆ ಮಾಡುತ್ತಿದ್ದಾನೆಂದು ಆಗ ನಾವು ತಿಳಿದಿರುತ್ತೇವೆಂಬುದು ನಿಜ. ಆದರೆ ಕೆಲವೇ ನಿಮಿಷಗಳ ಹಿಂದೆ ನಾವು ಯಾರ ಜೊತೆಯಲ್ಲಿ ಪ್ರಯಾಣ ಮಾಡುತ್ತಿದ್ದೆವೋ ಅವಳೇ ಆ ಕಾರಿನಲ್ಲಿದ್ದಾಳೆ.

ನಮ್ಮ ಆಲಂಕಾರಿಕರು ಈ ಪ್ರಶ್ನೆಗೆ ಏನು ಹೇಳುತ್ತಿದ್ದರು? ಅಭಿನವಗುಪ್ತನು ಭಯಾನಕ ರಸದ ಅನುಭವವನ್ನು ವಿವರಿಸುವಾಗ ‘ಶಾಕುಂತಲ’ದ ಮೊದಲ ಅಂಕದಲ್ಲಿ ದುಷ್ಯಂತನ ರಥಕ್ಕೆ ಬೆದರಿ ಓಡುವ ಜಿಂಕೆಯ ಪ್ರಸಂಗವನ್ನು ಉದಾಹರಿಸುತ್ತಾನೆ. ಸಹೃದಯನಲ್ಲಿ ಉಂಟಾಗುವ ಭಯ ತನ್ನದೂ ಅಲ್ಲ, ಪರರದೂ ಅಲ್ಲ. ದೇಶಕಾಲಗಳ ಕಟ್ಟಿನಿಂದ ಬಿಡಿಸಿಕೊಂಡ ಸಾಧಾರಣೀಕೃತವಾದ ಭಯ. ತತ್ತ್ವ ಸರಿಯಾಗಿಯೇ ಇದೆ. ಆದರೆ ಅಲ್ಲಿ ಭಯಪಟ್ಟಿರುವುದು ಜಿಂಕೆ. ‘ಸೈಕೊ’ದ ಜೌಗಿನ ಬಳಿಯಲ್ಲಿ, ‘ಡಬಲ್ ಇಂಡೆಮ್ನಿಟಿ’ಯ ಕಾರಿನಲ್ಲಿ ಭಯಪಟ್ಟಿರುವವನು ಬಾಣ ಬಿಟ್ಟವನು, ಬೇಟೆ ಮುಗಿದ ಮೇಲೆ ತನ್ನ ಹೆಜ್ಜೆಗುರುತು ಅಳಿಯದೆಂದು ಅಂಜುವವನು. ಇದನ್ನು ಅನೌಚಿತ್ಯದಿಂದ ಹುಟ್ಟಿದ ರಸಾಭಾಸವೆಂದು ತಳ್ಳಿಹಾಕುವುದು ಪಂಡಿತರಿಗೆ ಸುಲಭವಾದ ಮಾರ್ಗ. ನನಗೆ ಅದು ಒಪ್ಪಿಗೆಯಾಗದು. ಭಯವು ಸಾಧಾರಣೀಕೃತವಾಗಬಲ್ಲುದಾದರೆ ಅದು ಬೇಟೆಗಾರನಿಂದಲೂ ಬಿಡುಗಡೆ ಹೊಂದಿ ನಮ್ಮನ್ನು ಸೇರಬಲ್ಲುದು. ಹಾಗೆ ಸೇರಿದಾಗ ಅದು ನಮ್ಮನ್ನು ಕುರಿತು ಜಿಂಕೆಯ ಭಯ ಹೇಳದ ಒಂದು ಸಂಗತಿಯನ್ನು ಹೇಳುತ್ತದೆ. ಸಂಹಿತೆಯನ್ನು ಬರೆದ ಪಾದ್ರಿಗೆ ಈ ಅಪಾಯ ತಿಳಿದಿತ್ತು. ಅದನ್ನು ಜಾರಿಗೆ ತಂದವರಿಗೆ ಅದನ್ನು ಹಿಡಿಯುವ ಸಾಧನವಿರಲಿಲ್ಲ. ಅವರ ಮೇಜಿನ ಮೇಲಿದ್ದದ್ದು ಅಕ್ಷರ, ಕ್ಯಾಮೆರಾದ ನೋಟವಲ್ಲ.

ಹಾಗಾದರೆ ನಿರ್ಬಂಧವೇ ಕಲೆಯನ್ನು ಬೆಳೆಸಿತೆಂದು ಹೇಳಬಹುದೇ? ಈ ಮಾತನ್ನು ಇತ್ತೀಚೆಗೆ ಬಹಳ ಮಂದಿ ಆಡುತ್ತಾರೆ. ಸೆನ್ಸಾರನ್ನು ಹೊಗಳಲು ಅದು ಒಂದು ನೆಪವಾಗಿಬಿಟ್ಟಿದೆ. ‘ಸಸ್ಪಿಷನ್’ ಚಿತ್ರದ ಹಾಲಿನ ಲೋಟವನ್ನು ನೆನೆದರೆ ಆ ಉತ್ಸಾಹ ತಗ್ಗೀತು. ‘ರೆಬೆಕಾ’ದಲ್ಲಿಯೂ ಒಂದು ಸ್ಥಳದಲ್ಲಿ ಮಾತ್ರ ಕ್ಯಾಮೆರಾ ಸಂಹಿತೆಯನ್ನು ಮೀರುತ್ತದೆ: ಮ್ಯಾಕ್ಸಿಮ್ ಆ ರಾತ್ರಿಯ ಕಥೆಯನ್ನು ಹೇಳುತ್ತಿರುವಾಗ, ಕುಟೀರದ ಬರಿದಾದ ಕೋಣೆಯಲ್ಲಿ ಅದು ಇಲ್ಲದ ರೆಬೆಕಾಳನ್ನು ಹಿಂಬಾಲಿಸಿ ನಡೆಯುತ್ತದೆ, ಅವಳು ಎದ್ದ ಸ್ಥಳದಿಂದ ಬಿದ್ದ ಸ್ಥಳದ ವರೆಗೆ. ಆ ನಡಿಗೆಯಲ್ಲಿ ಎಡವಿದ ಹೆಂಗಸಿಗಿಂತ ಅಟ್ಟಿಸಿಕೊಂಡ ಹೆಂಗಸು ಹೆಚ್ಚಾಗಿ ಕಾಣುತ್ತಾಳೆ. ಉಳಿದ ಕಡೆ ಚಿತ್ರವು ತಿದ್ದಿದ ಪಾಠಕ್ಕೆ ವಿಧೇಯವಾಗಿದೆ.

2020ರಲ್ಲಿ ಬೆನ್ ವೀಟ್ಲಿ ‘ರೆಬೆಕಾ’ವನ್ನು ಮತ್ತೆ ಚಿತ್ರವಾಗಿಸಿದನು. ಸಂಹಿತೆ ಹೋಗಿ ಅರ್ಧ ಶತಮಾನಕ್ಕೂ ಮೇಲಾಗಿತ್ತು. ಬ್ರೀನನಿಗಾಗಿ ಹಿಂತೆಗೆದುಕೊಂಡ ಪಿಸ್ತೂಲನ್ನು ಈ ಚಿತ್ರ ಮ್ಯಾಕ್ಸಿಮ್‌ನ ಕೈಗೆ ಹಿಂತಿರುಗಿಸಿತು. ಪಾಠ ಮೂಲಕ್ಕೆ ಹತ್ತಿರವಾಯಿತು. ಆದರೂ ಅದನ್ನು ನೋಡುವಾಗ, ವೈದ್ಯನ ಕೊಠಡಿಯ ಸುದ್ದಿ ಬಂದಾಗ, ಕಾದಂಬರಿಯನ್ನು ಓದುವಾಗ ಬಿಟ್ಟ ಆ ನಾಚಿಕೆಗೇಡಿನ ನೆಮ್ಮದಿಯ ಉಸಿರನ್ನು ನಾನು ಬಿಡಲಿಲ್ಲ. ಕಣ್ಣಿಗೆ ಮನೆಯೂ ಉಡುಪೂ ಕಡಲೂ ತುಂಬಿದ್ದವು. ಮ್ಯಾಕ್ಸಿಮ್ ಉಳಿಯಲಿ ಎಂದು ಹಾರೈಸುವಂತೆ ನನ್ನನ್ನು ಯಾರೂ ಆ ಕೋಣೆಯೊಳಕ್ಕೆ ಕೈಹಿಡಿದು ಕರೆದೊಯ್ದಿರಲಿಲ್ಲ.